ಒಂದೇ ಫೈಲಿನ ಸಂಸಾರ

ಡ್ಯಾನ್ಸರ್ ಎಂಬ ಫ್ರೇಮ್‌ವರ್ಕಿನಲ್ಲಿ ಬರೆದ ಪರ್ಲ್ ಪ್ರೋಗ್ರಾಮಿನ ಕೊನೆಯ ಸಾಲಿನಲ್ಲಿ ಇರುವುದು ಒಂದೇ ಪದ: ಡ್ಯಾನ್ಸ್. ಅದರ ಬಾಲಕ್ಕೊಂದು ಅರ್ಧವಿರಾಮ. ಅಷ್ಟು ಬರೆದು ಪ್ರೋಗ್ರಾಮನ್ನು ಓಡಿಸಿದರೆ ಕಂಪ್ಯೂಟರು ವೆಬ್ ಸರ್ವರಾಗಿ ಎದ್ದು ನಿಂತು, 3000ನೆಯ ಪೋರ್ಟಿನಲ್ಲಿ ಯಾರಾದರೂ ಬಂದಾರೆಂದು ಕಾಯತೊಡಗುತ್ತದೆ. ಮಂಡಿಗೆ ಎಣ್ಣೆ ತಿಕ್ಕಿಕೊಂಡು ದಿನ ದೂಡುವ, ಮದುವೆ ಮನೆಯಲ್ಲಿ ಹುಡುಗರು ಕುಣಿಯಲು ಕೈ ಹಿಡಿದೆಳೆದರೆ ಕಾರು ಸರಿಯಾಗಿ ನಿಲ್ಲಿಸಿದ್ದೇನೋ ಇಲ್ಲವೋ ನೋಡಿಬರುವ ನೆಪ ತೆಗೆಯುವ ನನಗೆ, ಇನ್ನೊಬ್ಬರಿಗೆ 'ಕುಣಿ' ಎಂದು ಅಪ್ಪಣೆ ಕೊಡುವ ಅವಕಾಶ ಇದೊಂದೇ. ಬೇರೆ ಕಡೆ 'ರನ್' ಎನ್ನುತ್ತಾರೆ, 'ಲಿಸನ್' ಎನ್ನುತ್ತಾರೆ. ಕೆಲಸಕ್ಕೆ ಹಚ್ಚುವಾಗಲೂ ಕುಣಿಯುವ ಮಾತಾಡುವವರು ಪರ್ಲ್ ಮಂದಿ.

ಹೆಸರಿಡುವ ವಿಷಯದಲ್ಲಿ ಈ ಮಂದಿಗೆ ಸಂಕೋಚ ಕಡಿಮೆ. ಡ್ಯಾನ್ಸರಿನ ಜೊತೆಗಾರ ಇನ್ನೊಂದು ಹಗುರ ಫ್ರೇಮ್‌ವರ್ಕ್ ಮೊಜೋಲಿಷಸ್. ಬರೆಯುತ್ತ ಬರೆಯುತ್ತ ಪರೀಕ್ಷಿಸಲು ಅದರಲ್ಲೊಂದು ಸರ್ವರ್ ಇದೆ, ಹೆಸರು ಮಾರ್ಬೊ. ನಿಜವಾದ ಬಳಕೆಗೆ ಇನ್ನೊಂದು, ಹಿಪ್ನೋಟೋಡ್. ಎರಡೂ ಫ್ಯೂಚರಾಮಾ ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಪಾತ್ರಗಳು. ಮೊದಲನೆಯದು ಟಿವಿಯಲ್ಲಿ ವಾರ್ತೆ ಓದುವ ಸಿಡುಕು ಸ್ವಭಾವದ ಅನ್ಯಗ್ರಹವಾಸಿ. ಎರಡನೆಯದು ಕಣ್ಣು ತಿರುಗಿಸಿಯೇ ಜನರನ್ನು ಮರುಳು ಮಾಡುವ ಕಪ್ಪೆ. ದೊಡ್ಡ ಕಂಪನಿಯ ಸೆಕ್ಯೂರಿಟಿ ಆಡಿಟ್ ನಡೆಯುವಾಗ "ಯಾವ ಸರ್ವರ್ ಬಳಸುತ್ತೀರಿ?" ಎಂಬ ಪ್ರಶ್ನೆಗೆ "ಹಿಪ್ನೋಟೋಡ್" ಎಂದು ಉತ್ತರ ಕೊಟ್ಟು, ಮುಖದ ಗೆರೆ ಕದಲದೆ ಕೂತಿರುವುದಕ್ಕೆ ಅಭ್ಯಾಸ ಬೇಕು. ಇಲ್ಲದ ಪುಟವನ್ನು ಕೇಳಿದರೂ ಮೊಜೋಲಿಷಸ್ ಸುಮ್ಮನೆ ಬಾಗಿಲು ಹಾಕುವುದಿಲ್ಲ. ಅಭಿವೃದ್ಧಿಯ ಹಂತದಲ್ಲಿದ್ದರೆ, ಪುಟ ಸಿಗಲಿಲ್ಲ ಎಂದು ಹೇಳಿ, ಆಮೇಲೆ ನೆನಪಾಯಿತೇನೋ ಎನ್ನುವ ಧಾಟಿಯಲ್ಲಿ 'ಸದ್ಯಕ್ಕೆ' ಎಂದು ಸೇರಿಸುತ್ತದೆ. ಈಗಿರುವ ದಾರಿಗಳು ಇಷ್ಟು, ಬೇಕಾದರೆ ಹೊಸದೊಂದು ಸೇರಿಸಿಕೊಳ್ಳಿ ಎಂದು ಪಟ್ಟಿಯನ್ನೇ ಮುಂದಿಡುತ್ತದೆ. ನಾನು ಕಂಡ ಎರರ್ ಸಂದೇಶಗಳಲ್ಲಿ ಇಷ್ಟು ಮರ್ಯಾದಸ್ಥ ಸಂದೇಶ ಇನ್ನೊಂದಿಲ್ಲ.

ನನಗೆ ಒಗ್ಗಿರುವುದು ಮೊಜೋಲಿಷಸ್ ಲೈಟ್. ಅದರಲ್ಲಿ ಬರೆದ ವೆಬ್ ಅಪ್ಲಿಕೇಶನ್ ನೋಡಲು ಹೇಗಿರುತ್ತದೆಂದರೆ: ಮೊದಲ ಸಾಲಿನಲ್ಲಿ ಆ ಮಾಡ್ಯೂಲನ್ನು ಬಳಸುತ್ತೇನೆಂಬ ಘೋಷಣೆ. ಕೆಳಗೆ 'ಗೆಟ್' ಎಂದು ಬರೆದು, ಉದ್ಧರಣ ಚಿಹ್ನೆಯೊಳಗೆ ಒಂದು ವಿಳಾಸ, ಪಕ್ಕದಲ್ಲಿ ದಪ್ಪ ಬಾಣ, ಬಾಣದ ಆಚೆಗೆ ಆ ವಿಳಾಸ ಹುಡುಕಿಕೊಂಡು ಬಂದವರಿಗೆ ಏನು ಮಾಡಬೇಕೆಂಬ ನಾಲ್ಕಾರು ಸಾಲು. ಫಾರಂ ತುಂಬಿ ಕಳಿಸಿದವರಿಗೆ 'ಪೋಸ್ಟ್' ಎಂಬ ಇನ್ನೊಂದು ದಾರಿ. ಕೊನೆಗೆ ಆ್ಯಪ್ ಶುರು ಮಾಡು ಎಂಬ ಒಂದು ಸಾಲು. ಮುಗಿಯಿತು ಎಂದುಕೊಂಡರೆ ಅದರ ಕೆಳಗೆ 'ಡೇಟಾ' ಎಂಬ ಪದ, ಆಚೆಗೆರಡು ಈಚೆಗೆರಡು ಅಂಡರ್‌ಸ್ಕೋರ್ ಇಟ್ಟುಕೊಂಡು ನಿಂತಿರುತ್ತದೆ. ಪರ್ಲ್ ಅಲ್ಲಿಗೆ ಓದುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಕೆಳಗಿರುವುದು ಪ್ರೋಗ್ರಾಮ್ ಅಲ್ಲ, ಪ್ರೋಗ್ರಾಮು ಬೇಕೆಂದಾಗ ತಾನೇ ತೆರೆದು ಓದಿಕೊಳ್ಳಬಹುದಾದ ಸಾಮಾನು. ಮೊಜೋಲಿಷಸ್ ತನ್ನ ಟೆಂಪ್ಲೇಟುಗಳನ್ನೆಲ್ಲ ಅಲ್ಲೇ ಇಟ್ಟುಕೊಳ್ಳುತ್ತದೆ; ಎರಡು ಆ್ಯಟ್ ಚಿಹ್ನೆ, ಒಂದು ಹೆಸರು, ಅದರ ಕೆಳಗೆ ಎಚ್‌ಟಿಎಂಎಲ್. ಅಂಗಡಿ ಮೇಲೆ, ಉಗ್ರಾಣ ಕೆಳಗೆ, ವಾಸ ಒಂದೇ ಫೈಲಿನಲ್ಲಿ.

ನನ್ನ ಮಗಳು ಇದೇ ಕಸುಬಿನವಳು, ಆದರೆ ಈ ಶತಮಾನದವಳು. ಅವಳು ಹೊಸದೊಂದು ಪ್ರಾಜೆಕ್ಟ್ ಶುರು ಮಾಡಿದರೆ ಮೊದಲು ಒಂದು ಆಜ್ಞೆ ಕೊಟ್ಟು ಕಾಫಿ ಮಾಡಿಕೊಂಡು ಬರುತ್ತಾಳೆ. ಅಷ್ಟರಲ್ಲಿ ಫೋಲ್ಡರಿನೊಳಗೆ ಸಾವಿರಾರು ಫೈಲುಗಳು ಬಂದಿಳಿದಿರುತ್ತವೆ, ಅವಳಿನ್ನೂ ಒಂದಕ್ಷರ ಬರೆದಿರುವುದಿಲ್ಲ. ಒಮ್ಮೆ ನನ್ನ ಪರದೆ ನೋಡಿ, "ಅಪ್ಪಾ, ಪ್ರಾಜೆಕ್ಟ್ ಎಲ್ಲಿದೆ?" ಎಂದಳು.

"ಇದೇ."

"ಇದು ಫೈಲು. ಪ್ರಾಜೆಕ್ಟ್ ಎಲ್ಲಿ ಅಂದೆ."

"ಇದೇ ಕಣೇ ಪ್ರಾಜೆಕ್ಟು."

ಸ್ಕ್ರೋಲ್ ಮಾಡಿದಳು, ತಳ ಮುಟ್ಟಿದಳು, ಮತ್ತೆ ಮೇಲೆ ಬಂದಳು. "ಕ್ಯೂಟಾಗಿದೆ" ಎಂದಳು. ಅವಳ ಪೀಳಿಗೆಯವರು ಎಳೆಮಕ್ಕಳಿಗೂ ಅಪ್ಪಂದಿರಿಗೂ ಬಳಸುವ ಶಬ್ದ ಅದು. ನಾನು ಪ್ರಮಾಣಪತ್ರವೆಂದೇ ಭಾವಿಸಿ ಸ್ವೀಕರಿಸಿದೆ.

ಈ ಒಂದು ಫೈಲಿನ ಸುಖ ತಿಳಿಯಬೇಕಾದರೆ ಸಿಜಿಐ ಕಾಲದ ಕಷ್ಟ ಉಂಡಿರಬೇಕು. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದಾದ ಕೆಲವು ವರ್ಷ, ವೆಬ್‌ಸೈಟುಗಳಲ್ಲಿ ಸುಮ್ಮನೆ ಕೂತವು ಹೆಚ್ಚು, ಕೇಳಿದ್ದಕ್ಕೆ ಮಾತಾಡುವವು ಕಡಿಮೆ. ಮಾತಾಡಬೇಕೆಂದರೆ ಸಿಜಿಐ-ಬಿನ್ ಎಂಬ ಫೋಲ್ಡರಿನಲ್ಲಿ ಒಂದು ಪರ್ಲ್ ಸ್ಕ್ರಿಪ್ಟ್ ಇಡಬೇಕಿತ್ತು. ಅದನ್ನು ಅಲ್ಲಿ ಇಡುವುದಕ್ಕೊಂದು ಮಡಿ ಇತ್ತು. ಎಫ್‌ಟಿಪಿಯಲ್ಲಿ ಕಳಿಸುವಾಗ ಟೆಕ್ಸ್ಟ್ ಮೋಡಿನಲ್ಲೇ ಕಳಿಸಬೇಕು. ತಪ್ಪಿದರೆ ವಿಂಡೋಸು ಪ್ರತಿ ಸಾಲಿನ ಕೊನೆಗೆ ಅಂಟಿಸುವ, ಕಣ್ಣಿಗೆ ಕಾಣದ ಒಂದು ಅಕ್ಷರವೂ ಜೊತೆಗೆ ಹೋಗಿ, ಮೊದಲ ಸಾಲಿನಲ್ಲಿ ಬರೆದ ಪರ್ಲ್‌ನ ವಿಳಾಸವೇ ಯೂನಿಕ್ಸಿಗೆ ಸಿಗುತ್ತಿರಲಿಲ್ಲ. ಆಮೇಲೆ ಫೈಲಿಗೆ 755 ಎಂಬ ಅನುಮತಿ ಕೊಡಬೇಕು. ಇದೆಲ್ಲ ಆದಮೇಲೂ ಪುಟ ಕಾಣುತ್ತದೆಂಬ ಭರವಸೆ ಇಲ್ಲ, ಏಕೆಂದರೆ ಖಾಲಿ ಸಾಲಿನ ಪ್ರಶ್ನೆ ಇನ್ನೂ ಬಾಕಿ.

ಖಾಲಿ ಸಾಲಿನ ಕಥೆ ಹೀಗೆ. ಸ್ಕ್ರಿಪ್ಟು ಎಚ್‌ಟಿಎಂಎಲ್ ಮುದ್ರಿಸುವ ಮೊದಲು, ನಾನು ಕಳಿಸುತ್ತಿರುವುದು ಇಂಥ ಬಗೆಯ ಪದಾರ್ಥ ಎಂದು ಒಂದು ಸಾಲಿನಲ್ಲಿ ಹೇಳಬೇಕು. ಹೇಳಿ, ಒಂದು ಸಾಲು ಖಾಲಿ ಬಿಡಬೇಕು. ಆ ಖಾಲಿ ಸಾಲೇ ತಲೆಗೂ ಒಡಲಿಗೂ ನಡುವಿನ ಗಡಿ. ಅದನ್ನು ಬಿಟ್ಟರೆ ಸರ್ವರಿಗೆ ತಲೆ ಎಲ್ಲಿ ಮುಗಿಯಿತೆಂದು ತಿಳಿಯದೆ, ಬಂದವರ ಮುಖಕ್ಕೆ 'ಐನೂರು, ಇಂಟರ್ನಲ್ ಸರ್ವರ್ ಎರರ್' ಎಂದು ಹೇಳಿ ಕೈತೊಳೆದುಕೊಳ್ಳುತ್ತಿತ್ತು. ಕಾರಣ ಬೇಕಾದರೆ ಲಾಗ್ ಫೈಲ್ ನೋಡಬೇಕು, ಬಿಟ್ಟಿ ಹೋಸ್ಟಿಂಗ್‌ನವರು ಲಾಗ್ ಫೈಲ್ ತೋರಿಸುತ್ತಿರಲಿಲ್ಲ. ಸೈಬರ್ ಕೆಫೆಯ ಹುಡುಗ ಗೋಡೆಯ ಗಡಿಯಾರ ನೋಡುತ್ತ, "ಸಾರ್, ಇನ್ನೊಂದು ಅರ್ಧ ಗಂಟೆ ಹಾಕ್ಕೊಳ್ಲಾ?" ಎಂದು ಕೇಳುತ್ತಿದ್ದ. ಏನೂ ಬರೆಯದ ಒಂದು ಸಾಲಿಗಾಗಿ ಇಷ್ಟು ಹಣ ಖರ್ಚಾದದ್ದು ಸಾಹಿತ್ಯದಲ್ಲೂ ಇರಲಾರದು.

ಇಂಥವರ ಕೈಹಿಡಿದದ್ದು ಲಿಂಕನ್ ಸ್ಟೈನ್ ಬರೆದ ಸಿಜಿಐ ಮಾಡ್ಯೂಲು. ಸ್ಟೈನ್ ಜೀವವಿಜ್ಞಾನಿ. ಮಾನವ ಜೀನೋಮ್ ಯೋಜನೆಯನ್ನು ಪರ್ಲ್ ಹೇಗೆ ಪಾರುಮಾಡಿತೆಂದು 1996ರಲ್ಲಿ ಲೇಖನ ಬರೆದವರು ಇವರೇ. ಅವರ ಮಾಡ್ಯೂಲು ಪರ್ಲ್ 5.004ರಿಂದ ಭಾಷೆಯ ಜೊತೆಗೇ ಬರತೊಡಗಿತು, 2015ರ 5.22ರಲ್ಲಿ ಹೊರಬಿತ್ತು. ಕಾರಣ ನ್ಯಾಯವಾದದ್ದೇ. ಪ್ರತಿಯೊಬ್ಬ ಭೇಟಿಗಾರನಿಗೂ ಪರ್ಲನ್ನು ನಿದ್ದೆಯಿಂದ ಎಬ್ಬಿಸಿ, ಸ್ಕ್ರಿಪ್ಟನ್ನು ಮೊದಲಿಂದ ಓದಿಸಿ, ಉತ್ತರ ಕೊಟ್ಟಮೇಲೆ ಮತ್ತೆ ಮಲಗಿಸುವ ಪದ್ಧತಿ ಅದು. ಭೇಟಿಗಾರರು ಹೆಚ್ಚಾದಮೇಲೆ ನಡೆಯುವ ಮಾತಲ್ಲ. ಆದರೆ ಆ ಕಾಲವನ್ನು ತೀರ ಹಗುರವಾಗಿ ನೋಡಬಾರದು. 2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿದ್ದು ಯೂಸ್‌ಮಾಡ್‌ವಿಕಿ ಎಂಬ ಪರ್ಲ್ ಸ್ಕ್ರಿಪ್ಟಿನ ಮೇಲೆ. ಡೇಟಾಬೇಸ್ ಕೂಡ ಇರಲಿಲ್ಲ, ಲೇಖನಗಳನ್ನು ಮಾಮೂಲಿ ಫೈಲುಗಳಲ್ಲಿ ಬರೆದಿಡುತ್ತಿತ್ತು. ಮರುವರ್ಷ ಪಿಎಚ್‌ಪಿಗೆ ಹೋಯಿತು, ಅದು ಬೇರೆ ವಿಷಯ.

ಸಿಜಿಐನಿಂದ ಬೇಸತ್ತವರು ಮುಂದೆ ಮಾಡಿದ್ದು ಎಲ್ಲ ಬೇಸತ್ತವರೂ ಮಾಡುವುದನ್ನೇ: ಭಾರೀ ಏರ್ಪಾಡು. 2005ರಲ್ಲಿ ಬಂದ ಕ್ಯಾಟಲಿಸ್ಟ್ ಸಮರ್ಥವಾದ ಫ್ರೇಮ್‌ವರ್ಕು, ಇವತ್ತಿಗೂ ದೊಡ್ಡ ಕೆಲಸಗಳನ್ನು ಹೊತ್ತಿದೆ. ಆದರೆ ಅದನ್ನು ನಿಲ್ಲಿಸಲು ಸೀಪ್ಯಾನ್ ಎಂಬ ಪರ್ಲ್ ಉಗ್ರಾಣದಿಂದ ಇಳಿಸಿಕೊಳ್ಳಬೇಕಾದ ಮಾಡ್ಯೂಲುಗಳ ಮೆರವಣಿಗೆ ನೋಡುತ್ತ ಕೂತರೆ ಸಂಜೆಯಾಗುತ್ತಿತ್ತು. ಮನೆಯ ನಾಲ್ಕು ಜನಕ್ಕೆ ಚಿತ್ರಾನ್ನ ಕಲಸಲು ಛತ್ರ ಹಿಡಿದು, ಅಡುಗೆ ಭಟ್ಟರನ್ನು ಕರೆಸಿ, ಕೊಪ್ಪರಿಗೆ ಬಾಡಿಗೆಗೆ ತಂದಷ್ಟಾಯಿತು ಎಂದು ನನಗೆ ಆಗಲೇ ಅನ್ನಿಸಿತ್ತು. ತಮಾಷೆಯೆಂದರೆ ಕ್ಯಾಟಲಿಸ್ಟಿನ ಮೂಲಕರ್ತೃ ಸೆಬಾಸ್ಟಿಯನ್ ರೀಡೆಲ್ ಎಂಬ ಜರ್ಮನಿಯವರಿಗೂ ಅದೇ ಅನ್ನಿಸಿರಬೇಕು. ಮುಂದೆ ಮೊಜೋಲಿಷಸ್ ಕಟ್ಟಿದವರು ಅವರೇ, ಮತ್ತು ಈ ಸಲ ಹಟ ತೊಟ್ಟು, ಪರ್ಲ್ ಒಂದಿದ್ದರೆ ಸಾಕು, ಸೀಪ್ಯಾನಿನಿಂದ ಬೇರೇನೂ ಬೇಡ ಎನ್ನುವ ರೀತಿ ಕಟ್ಟಿದರು. ಜೇಸನ್ ಓದುವುದು, ಎಚ್‌ಟಿಎಂಎಲ್ ಬಿಡಿಸುವುದು, ಸರ್ವರು, ಎಲ್ಲ ಮನೆಯೊಳಗೇ.

ಹಗುರದ ಗಾಳಿ ಮೊದಲು ಬೀಸಿದ್ದು ರೂಬಿ ಕಡೆಯಿಂದ. ಅಲ್ಲಿ 2007ರಲ್ಲಿ ಸಿನಾಟ್ರಾ ಬಂದಿತ್ತು, ಹಾಡುಗಾರ ಫ್ರಾಂಕ್ ಸಿನಾಟ್ರಾನ ಹೆಸರು ಹೊತ್ತುಕೊಂಡು. ವಿಳಾಸ ಒಂದು, ಅದಕ್ಕೆ ಉತ್ತರ ಒಂದು, ಅಷ್ಟೇ ಅದರ ವ್ಯಾಕರಣ. 2009ರಲ್ಲಿ ಅಲೆಕ್ಸಿಸ್ ಸುಕ್ರಿಯೆ ಅದನ್ನೇ ಪರ್ಲಿಗೆ ತಂದು ಡ್ಯಾನ್ಸರ್ ಎಂದು ಕರೆದರು. ಹಾಡುಗಾರನಿದ್ದಲ್ಲಿ ಕುಣಿಯುವವನೂ ಇರಲಿ ಎಂದೇ ಇಟ್ಟ ಹೆಸರೆಂದು ನಂಬಿಕೊಂಡು ನಾನು ಸಂತೋಷವಾಗಿದ್ದೇನೆ. ಅದೇ ವರ್ಷ ಜಪಾನಿನ ತತ್ಸುಹಿಕೊ ಮಿಯಾಗಾವಾ ಸದ್ದಿಲ್ಲದೆ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಆವರೆಗೆ ಪ್ರತಿ ಫ್ರೇಮ್‌ವರ್ಕೂ ಪ್ರತಿ ಸರ್ವರಿನ ಜೊತೆ ಬೇರೆಬೇರೆ ಭಾಷೆಯಲ್ಲಿ ಮಾತಾಡಬೇಕಿತ್ತು. ಮಿಯಾಗಾವಾ ಪಿಎಸ್‌ಜಿಐ ಎಂಬ ಒಪ್ಪಂದ ತಂದರು: ಸರ್ವರು ಬಂದವರ ವಿವರವನ್ನೆಲ್ಲ ಹ್ಯಾಶ್ ಎಂಬ ಹೆಸರು-ಬೆಲೆಗಳ ಪಟ್ಟಿಯಲ್ಲಿ ಕಟ್ಟಿ ಕೊಡುವುದು, ಅಪ್ಲಿಕೇಶನ್ನು ಮೂರೇ ವಸ್ತು ಮರಳಿಸುವುದು, ಒಂದು ಸ್ಟೇಟಸ್ ಸಂಖ್ಯೆ, ಒಂದಿಷ್ಟು ಹೆಡರು, ಒಂದು ಒಡಲು. ಪೈಥಾನಿನಲ್ಲೂ ರೂಬಿಯಲ್ಲೂ ಇಂಥ ಒಪ್ಪಂದಗಳು ಮೊದಲೇ ಇದ್ದವು, ಮಿಯಾಗಾವಾ ಅದನ್ನು ಮುಚ್ಚಿಡಲಿಲ್ಲ. ಎಷ್ಟೋ ಜನರ ಸೈಬರ್ ಕೆಫೆ ಬಿಲ್ ಏರಿಸಿದ ಖಾಲಿ ಸಾಲು ಈ ಒಪ್ಪಂದದೊಳಗೆ ಎಲ್ಲೋ ಕರಗಿಹೋಯಿತು. ಅದನ್ನು ಹಾಕುವವರು ಈಗ ಸರ್ವರಿನವರು.

ಇಷ್ಟೆಲ್ಲ ಪುರಾಣ ಹೇಳುವುದಕ್ಕೆ ಕಾರಣ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರು. ಬೆಂಗಳೂರಿನ ನಮ್ಮ ಕಡೆ ಬೇಸಿಗೆ ಬಂದರೆ ಮಾವಿನಕಾಯಿಗಿಂತ ಮೊದಲು ಟ್ಯಾಂಕರ್ ಬರುತ್ತದೆ. 2024ರ ಬೇಸಿಗೆಯಲ್ಲಂತೂ ಜಿಲ್ಲಾಡಳಿತವೇ ಟ್ಯಾಂಕರ್ ದರಕ್ಕೆ ಮಿತಿ ಹಾಕಬೇಕಾಗಿ ಬಂತು. ಬಂದ ಟ್ಯಾಂಕರಿನ ಲೆಕ್ಕ ಗೇಟಿನ ಬಳಿಯ ನೋಟ್ ಪುಸ್ತಕದಲ್ಲಿ. ಹಗಲಿನ ವಾಚ್‌ಮನ್ ಬರೆದದ್ದು ರಾತ್ರಿಯವನಿಗೆ ತಿಳಿಯದು, ಇಬ್ಬರೂ ಬರೆದದ್ದು ಖಜಾಂಚಿಯವರಿಗೆ ತಿಳಿಯದು. ಖಜಾಂಚಿಯವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ತಿಂಗಳ ಕೊನೆಗೆ ಟ್ಯಾಂಕರಿನವನ ಬಿಲ್ಲಿಗೂ ಪುಸ್ತಕಕ್ಕೂ ತಾಳೆಯಾಗದಿದ್ದರೆ ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಅವರಿಗೆ ಬರದಿದ್ದರೆ ಅವರ ಫೋನಿನ ದೆಸೆಯಿಂದ ನಮಗೂ ಬರುವುದಿಲ್ಲ. ಮೀಟಿಂಗಿನಲ್ಲಿ ಯುವಕರೊಬ್ಬರು ಎದ್ದು, ಇದಕ್ಕೆ ಕ್ಲೌಡ್ ಬೇಕು, ಮೊಬೈಲ್ ಆ್ಯಪ್ ಬೇಕು, ಡ್ಯಾಶ್‌ಬೋರ್ಡ್ ಬೇಕು ಎಂದರು. ತಿಂಗಳಿಗೆ ಇಷ್ಟು ಚಂದಾ ಎಂದೂ ಹೇಳಿದರು. ಚಂದಾ ಎಂದ ಕೂಡಲೇ ಸಭೆ ನನ್ನ ಕಡೆ ತಿರುಗಿತು. "ನೀವು ಕಂಪ್ಯೂಟರಿನವರಲ್ವಾ ಸಾರ್, ಏನಾದ್ರೂ ಸಣ್ಣದಾಗಿ ಮಾಡಿಕೊಡಿ."

ಸಣ್ಣದಾಗಿ ಎಂಬ ಮಾತು ಕಿವಿಗೆ ಹಿತವಾಗಿತ್ತು. ಸಂಘದ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿದೆ. ಪರ್ಲ್ ಅದರಲ್ಲಿ ಮೊದಲೇ ಇತ್ತು, ಲಿನಕ್ಸ್ ಇದ್ದಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊಜೋಲಿಷಸ್, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸು, ಒಂದು ಫೈಲು. ಫಾರಂನಲ್ಲಿ ಟ್ಯಾಂಕರ್ ನಂಬರು, ಬಂದ ಹೊತ್ತು, ಲೀಟರು, ಯಾವ ಸಂಪಿಗೆ ಬಿಟ್ಟರು, ಷರಾ. ವಾಚ್‌ಮನ್ ತನ್ನ ಫೋನಿನಲ್ಲೇ ಒತ್ತಿ ಕಳಿಸಿದರೆ ಖಜಾಂಚಿಯವರ ಪುಟದಲ್ಲಿ ಮೊತ್ತ ಏರುತ್ತದೆ. ಹೇಳಲು ಇಷ್ಟೇ, ಬರೆಯಲೂ ಹೆಚ್ಚುಕಡಿಮೆ ಇಷ್ಟೇ. ಶುರುವಿನಲ್ಲಿ ಮೊಜೋಲಿಷಸ್ ಲಾಗಿನಲ್ಲಿ, ನಿಮ್ಮ ಗುಪ್ತಪದ ಬದಲಿಸಬೇಕಾಗಿದೆ ಎಂದು ಪ್ರತಿ ಸಲವೂ ನೆನಪಿಸುತ್ತಿತ್ತು. ಕುಕೀಗಳಿಗೆ ಸಹಿ ಹಾಕಲು ಬಳಸುವ ಆ ಪದವನ್ನು ನಾವು ಕೊಡದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಬದಲಿಸಿದ ಕೂಡಲೇ ಸುಮ್ಮನಾಯಿತು. ಮನೆಯಲ್ಲಿ ಗ್ಯಾಸ್ ಆಫ್ ಮಾಡಿದಿರಾ ಎಂದು ಕೇಳುವವರು ಉತ್ತರ ಸಿಕ್ಕ ಮೇಲೂ ಸುಮ್ಮನಾಗುವುದಿಲ್ಲ.

ರಾತ್ರಿ ಪಾಳಿಯ ವಾಚ್‌ಮನ್ ರಾಯಚೂರು ಕಡೆಯವನು. ಅವನ ಫೋನಿನ ಕೀಲಿಮಣೆ ಕನ್ನಡ, ಅಂಕಿಗಳೂ ಕನ್ನಡದವೇ. ಫಾರಂ ತೋರಿಸಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಸರ್, ಆರು ಸಾವಿರ ಕನ್ನಡದಾಗ ಹಾಕಿದ್ರ ತಗೋತೈತೇನ್ರಿ?" ಬಹಳ ಒಳ್ಳೆಯ ಪ್ರಶ್ನೆ. ಸಂಖ್ಯೆಗೆಂದೇ ಇರುವ ಪೆಟ್ಟಿಗೆಯನ್ನು ಎಚ್‌ಟಿಎಂಎಲ್‌ನಲ್ಲಿ ಇಟ್ಟರೆ ಬ್ರೌಸರು ಕನ್ನಡ ಅಂಕಿಯನ್ನು ಬಾಗಿಲಲ್ಲೇ ತಡೆಯುತ್ತದೆ. ಆದ್ದರಿಂದ ಮಾಮೂಲಿ ಪಠ್ಯದ ಪೆಟ್ಟಿಗೆ ಇಡಬೇಕು. ಒಳಗೆ ಬಂದಮೇಲೆ ಪರ್ಲ್‌ನ ರೆಗೆಕ್ಸ್ ಎಂಬ, ಅಕ್ಷರಗಳ ಮಾದರಿ ಹುಡುಕುವ ಸಾಧನದಿಂದ ತಪಾಸಣೆ: ಬಂದದ್ದು ಅಂಕಿಯೋ ಅಲ್ಲವೋ? ಯೂನಿಕೋಡ್ ಬಲ್ಲ ಪರ್ಲ್‌ಗೆ ೬ ಕೂಡ ಅಂಕಿ, ೦ ಕೂಡ ಅಂಕಿ. ಹೌದು, ಅಂಕಿ ಎಂದು ಒಪ್ಪುತ್ತದೆ. ಇನ್ನೇನು, ನಾಡು ನುಡಿ ಗೆದ್ದಿತು ಎನ್ನುವಷ್ಟರಲ್ಲಿ ಕೂಡುವ ಲೆಕ್ಕ ಬರುತ್ತದೆ. ಕೂಡುವಾಗ ಪರ್ಲ್ '೬೦೦೦' ಎಂಬುದನ್ನು ಸೊನ್ನೆ ಎಂದು ಹಿಡಿಯುತ್ತದೆ. ಇದು ಸಂಖ್ಯೆಯಲ್ಲ ಎಂದು ಮೆಲ್ಲಗೊಂದು ಎಚ್ಚರಿಕೆಯನ್ನು ಲಾಗಿನಲ್ಲಿ ಬರೆದು ಮುಂದೆ ಹೋಗುತ್ತದೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹುಡುಕುವ ವಿಭಾಗದಲ್ಲಿ ಅಂಕಿ, ಕೂಡುವ ವಿಭಾಗದಲ್ಲಿ ಸೊನ್ನೆ: ಒಂದೇ ಭಾಷೆಯ ಎರಡು ಇಲಾಖೆಗಳಲ್ಲಿ ಎರಡು ಆದೇಶ.

ಪರಿಹಾರ ಪರ್ಲ್‌ನಲ್ಲೇ ಇದೆ, ಒಂದು ಸಾಲು. ಟಿಆರ್ ಎಂಬ ಪುಟ್ಟ ಆಪರೇಟರಿಗೆ ಎಡಗಡೆ ೦ಯಿಂದ ೯, ಬಲಗಡೆ 0ಯಿಂದ 9 ಎಂದು ಕೊಟ್ಟರೆ ಒಂದೊಂದನ್ನೂ ಅದರ ಜೋಡಿಗೆ ಬದಲಿಸಿ ಕೊಡುತ್ತದೆ. ಯೂನಿಕೋಡಿನ ಅಂಕಿಗಳನ್ನು ಸಂಖ್ಯೆಯಾಗಿಸಲು ಬೇರೆ ಮಾಡ್ಯೂಲೂ ಪರ್ಲ್ ಜೊತೆಗೇ ಬರುತ್ತದೆ, ಆದರೆ ನನಗೆ ಈ ಸಾಲೇ ಇಷ್ಟ. ಪ್ರೋಗ್ರಾಮಿನ ನಡುವೆ ನಮ್ಮ ಹತ್ತು ಅಂಕಿಗಳ ಎರಡು ತುದಿಗಳು ಒಂದು ಅಡ್ಡಗೆರೆ ಹಿಡಿದು ನಿಂತಿರುವುದನ್ನು ನೋಡಿದರೆ ಖುಷಿಯಾಗುತ್ತದೆ. ಮೊಜೋಲಿಷಸ್ ಲೈಟ್ ಅನ್ನು ಬಳಸುತ್ತೇನೆ ಎಂದು ಮೊದಲ ಸಾಲಿನಲ್ಲಿ ಬರೆದ ಕ್ಷಣದಿಂದಲೇ ಪ್ರೋಗ್ರಾಮಿನ ಫೈಲು ಯುಟಿಎಫ್-8 ಎಂದು ಅದು ತಾನಾಗಿ ತಿಳಿದುಕೊಳ್ಳುತ್ತದೆ. ಹಾಗಾಗಿ ಕನ್ನಡವನ್ನು ಕೋಡಿನ ಯಾವ ಮೂಲೆಯಲ್ಲಿ ಇಟ್ಟರೂ ತಕರಾರಿಲ್ಲ.

ಷರಾ ಪೆಟ್ಟಿಗೆಯದು ಬೇರೆ ಪೇಚು. ಹಗಲಿನ ವಾಚ್‌ಮನ್ ಸಾಹಿತ್ಯಾಭಿಮಾನಿ, ಡ್ರೈವರಿನ ನಡತೆಯ ಬಗ್ಗೆ ಪ್ಯಾರಾಗ್ರಾಫ್ ಬರೆಯುತ್ತಾನೆ. ನೂರು ಅಕ್ಷರಕ್ಕೆ ಮಿತಿ ಹಾಕಿ ಎಂದರು ಕಾರ್ಯದರ್ಶಿ. ಅಕ್ಷರ ಎಂದರೆ ಯಾವುದು? 'ಕನ್ನಡ' ಎಂಬ ಪದದ ಉದ್ದವನ್ನು ಪರ್ಲ್‌ಗೆ ಕೇಳಿ ನೋಡಿ. ಯುಟಿಎಫ್-8 ಎಂದು ಹೇಳದೆ ಕೇಳಿದರೆ 15 ಎನ್ನುತ್ತದೆ, ಅದು ಬೈಟುಗಳ ಲೆಕ್ಕ. ಹೇಳಿ ಕೇಳಿದರೆ 5: ಕ, ನ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಇನ್ನೊಂದು ನ, ಡ. ರೆಗೆಕ್ಸಿನಲ್ಲಿ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಹಾಕಿ, ಕಣ್ಣಿಗೆ ಕಾಣುವ ಗುಂಪುಗಳನ್ನು ಎಣಿಸು ಎಂದರೆ 4. ಅರ್ಧ ನಕಾರವನ್ನು ಬೇರೆಯಾಗಿ ಎಣಿಸಿತು. ಒಂದನೇ ತರಗತಿಯ ಮಗುವನ್ನು ಕೇಳಿದರೆ ಬೆರಳು ಮಡಿಸಿ 3 ಎನ್ನುತ್ತದೆ. ಕೆಲಸ ಮಾಡಲು ಒಂದಕ್ಕಿಂತ ಹೆಚ್ಚು ದಾರಿ ಇದೆ ಎಂಬುದು ಪರ್ಲ್ ಮಂದಿಯ ಕುಲಮಂತ್ರ. ಉತ್ತರಗಳೂ ಒಂದಕ್ಕಿಂತ ಹೆಚ್ಚು ಇರುತ್ತವೆಂದು ಮಂತ್ರದಲ್ಲಿ ಹೇಳಿಲ್ಲ. ನಾನು ನಾಲ್ಕರ ಪಕ್ಷ ವಹಿಸಿ, ಮಿತಿಯನ್ನು ಸ್ವಲ್ಪ ಸಡಿಲ ಬಿಟ್ಟೆ. ಡ್ರೈವರುಗಳ ಚರಿತ್ರೆ ಈಗಲೂ ವಿಸ್ತಾರವಾಗಿಯೇ ದಾಖಲಾಗುತ್ತಿದೆ.

ಪರ್ಲ್ ಎಂದರೆ ಬೆಕ್ಕು ಕೀಬೋರ್ಡಿನ ಮೇಲೆ ನಡೆದಾಡಿ ಬರೆದದ್ದು ಎಂಬ ಹಾಸ್ಯ ಹಳೆಯದು. ಡಾಲರು, ಆ್ಯಟ್, ಶೇಕಡಾ ಚಿಹ್ನೆಗಳು ಪ್ರತಿ ಹೆಸರಿನ ತಲೆಯ ಮೇಲೆ ಕೂತಿರುವುದು ನಿಜ. ಒಂಟಿ ವಸ್ತುವಿಗೆ ಡಾಲರು, ಪಟ್ಟಿಗೆ ಆ್ಯಟು, ಹ್ಯಾಶಿಗೆ ಶೇಕಡಾ. ನನಗೆ ಇದು ಕಷ್ಟವೆನಿಸಿದ್ದಿಲ್ಲ, ಬಹುಶಃ ವಿಭಕ್ತಿ ಪ್ರತ್ಯಯ ಹಚ್ಚದೆ ನಾಮಪದವನ್ನು ಮನೆಯಿಂದ ಹೊರಗೆ ಕಳಿಸದ ಭಾಷೆಯಲ್ಲಿ ಬೆಳೆದದ್ದರಿಂದ. 1987ರಲ್ಲಿ ಪರ್ಲ್ ಬರೆದ ಲ್ಯಾರಿ ವಾಲ್ ಭಾಷಾಶಾಸ್ತ್ರ ಓದಿದವರು, ಅದು ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಪರ್ಲ್‌ನಲ್ಲಿ ಡಾಲರಿನ ಮುಂದೆ ಬರೀ ಒಂದು ಅಂಡರ್‌ಸ್ಕೋರ್ ಹಾಕಿದರೆ, ಈಗ ಯಾವುದರ ಮಾತಾಡುತ್ತಿದ್ದೇವೋ ಅದು ಎಂದರ್ಥ. ಎಷ್ಟೋ ಕಡೆ ಅದನ್ನೂ ಬರೆಯಬೇಕಾಗಿಲ್ಲ; 'ಮುದ್ರಿಸು' ಎಂದರೆ ಸಾಕು, ಏನನ್ನು ಎಂದು ಅದಕ್ಕೆ ಗೊತ್ತು. "ಬಂದ, ಸಂಪಿಗೆ ಬಿಟ್ಟ, ಹೋದ" ಎಂದು ವಾಚ್‌ಮನ್ ಷರಾ ಬರೆದರೆ ಯಾರು ಬಂದರು, ಏನು ಬಿಟ್ಟರು ಎಂದು ನಾವು ಕೇಳುತ್ತೇವೆಯೇ? ಟ್ಯಾಂಕರಿನವನು, ನೀರು. ಷರತ್ತನ್ನು ಕ್ರಿಯೆಯ ಮುಂದೂ ಇಡಬಹುದು, ಹಿಂದೂ ಇಡಬಹುದು. 'ಇಲ್ಲದಿದ್ದರೆ' ಎಂಬುದಕ್ಕೆ ಪರ್ಲ್‌ನಲ್ಲಿ ಪ್ರತ್ಯೇಕ ಪದವೇ ಉಂಟು. ಬರದಿದ್ದರೆ, ಕೊಡದಿದ್ದರೆ, ಆಗದಿದ್ದರೆ ಎಂದು ದಿನವಿಡೀ ಆಡುವ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಇಷ್ಟಾದರೂ ಪರ್ಲ್ ಎಂದ ತಕ್ಷಣ ಎದುರಿಗಿದ್ದವರ ಮುಖದಲ್ಲಿ ಸಂತಾಪ ಮೂಡುತ್ತದೆ. ಇದಕ್ಕೆ ಪರ್ಲ್ ಮಂದಿಯೂ ತಮ್ಮ ಪಾಲು ಸಲ್ಲಿಸಿದ್ದಾರೆ. ಪರ್ಲ್ 6 ಬರುತ್ತದೆಂದು 2000ದಲ್ಲಿ ಸಾರಿದರು. ಅದು ಬರಲು 2015ರ ಕ್ರಿಸ್‌ಮಸ್ ಆಯಿತು. ಬಂದಮೇಲೆ ಅದು ಬೇರೆಯದೇ ಭಾಷೆ ಎಂದು ಕಂಡು 2019ರಲ್ಲಿ ರಾಕು ಎಂದು ಹೆಸರು ಬದಲಿಸಿದರು. ಮರುವರ್ಷ ಪರ್ಲ್ 7 ಎಂದರು, ಅದನ್ನೂ ಕಪಾಟಿಗೆ ಸೇರಿಸಿದರು. ಈ ಗದ್ದಲದ ಕೆಳಗೆ 5 ಮಾತ್ರ ಸರಿಸುಮಾರು ವರ್ಷಕ್ಕೊಂದು ಆವೃತ್ತಿ ಕೊಡುತ್ತ ನಡೆದುಕೊಂಡು ಬಂದಿದೆ. 2022ರ 5.36ರಲ್ಲಿ ಆವೃತ್ತಿಯ ಸಂಖ್ಯೆ ಹೇಳಿದರೆ ಸಾಕು, ಕಟ್ಟುನಿಟ್ಟಿನ ನಿಯಮಗಳೂ ಎಚ್ಚರಿಕೆಗಳೂ ತಾವಾಗಿ ಜಾರಿಗೆ ಬರುತ್ತವೆ. ಮರುವರ್ಷ ಕ್ಲಾಸುಗಳೂ ಪ್ರಯೋಗದ ರೂಪದಲ್ಲಿ ಬಂದವು. ತೊಂಬತ್ತರ ದಶಕದ ಸ್ಕ್ರಿಪ್ಟುಗಳು ಇವತ್ತಿನ ಪರ್ಲ್‌ನಲ್ಲೂ ಬಹುತೇಕ ಓಡುತ್ತವೆ. ಹಳಬರನ್ನು ಹೊರಗೆ ಹಾಕಬಾರದೆಂಬ ಈ ಹಟ ಕೆಲವರಿಗೆ ದೋಷವಾಗಿ ಕಾಣುತ್ತದೆ. ನಾನೂ ಹಳಬ, ನನ್ನ ತೀರ್ಪನ್ನು ಅದಕ್ಕೆ ತಕ್ಕಂತೆ ತೂಗಿ ನೋಡಿ.

ಸತ್ತಿದೆ ಎನ್ನುವವರಿಗೆ ನಾನು ತೋರಿಸುವುದು ಕಾಲೇಜು ಗ್ರಂಥಾಲಯವನ್ನು. ನಮ್ಮ ಕಡೆಯ ಎಷ್ಟೋ ಕಾಲೇಜುಗಳಲ್ಲಿ ಪುಸ್ತಕದ ಪಟ್ಟಿ ನೋಡಿಕೊಳ್ಳುವುದು ಕೊಹಾ ಎಂಬ ತಂತ್ರಾಂಶ. ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿನ ಗ್ರಂಥಾಲಯದವರಿಗೆ 1999ರಲ್ಲಿ ತಮ್ಮ ಹಳೆಯ ವ್ಯವಸ್ಥೆ 2000ದ ಇಸವಿಯನ್ನು ದಾಟಲಾರದೆಂದು ಚಿಂತೆ ಹತ್ತಿತು. ಕಟಿಪೊ ಎಂಬ ಸಂಸ್ಥೆಯಿಂದ ಹೊಸದು ಬರೆಸಿ, 2000ದ ಜನವರಿಯಲ್ಲಿ ಬಳಕೆಗೆ ತಂದು, ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟರು. ಬರೆದದ್ದು ಪರ್ಲ್‌ನಲ್ಲಿ. ಈಚಿನ ವರ್ಷಗಳಲ್ಲಿ ಬೇರೆ ತಂತ್ರಾಂಶಗಳ ಜೊತೆ ಮಾತಾಡಲು ಅದಕ್ಕೆ ಕಟ್ಟಿದ ಎಪಿಐ ನಿಂತಿರುವುದು ಮೊಜೋಲಿಷಸ್ ಮೇಲೆ. ಪುಸ್ತಕ ತಡವಾಗಿ ಹಿಂತಿರುಗಿಸಿ ದಂಡ ಕಟ್ಟುವ ವಿದ್ಯಾರ್ಥಿಗೆ, ತನ್ನ ದಂಡದ ಲೆಕ್ಕ ಹಾಕಿದ್ದು ಈ ಸತ್ತ ಭಾಷೆ ಎಂದು ಯಾರೂ ಹೇಳುವುದಿಲ್ಲ.

ಖಜಾಂಚಿಯವರಿಗೆ ಮಾತ್ರ ಭಾಷೆಯ ಆರೋಗ್ಯಕ್ಕಿಂತ ನನ್ನ ಆರೋಗ್ಯದ ಚಿಂತೆ ಹೆಚ್ಚು. "ತಪ್ಪು ತಿಳೀಬೇಡಿ, ನೀವು ಊರಲ್ಲಿಲ್ಲದಾಗ ಇದು ಕೆಟ್ಟರೆ ಯಾರನ್ನು ಕೇಳೋದು?" ಎಂದು ಮೀಟಿಂಗಿನಲ್ಲೇ ಕೇಳಿದರು. ಊರಲ್ಲಿಲ್ಲದಾಗ ಎಂಬುದರ ವಿಶಾಲ ಅರ್ಥ ಎಲ್ಲರಿಗೂ ತಿಳಿಯಿತು. ಪ್ರಶ್ನೆ ನ್ಯಾಯವಾದದ್ದು. ಪರ್ಲ್ ಬಲ್ಲ ಹುಡುಗರನ್ನು ಇವತ್ತು ಬೆಂಗಳೂರಿನಲ್ಲಿ ಹುಡುಕುವುದು ಸುಲಭವಲ್ಲ, ಹಗುರ ಫ್ರೇಮ್‌ವರ್ಕು ಎಷ್ಟೇ ಹಗುರವಾದರೂ ಹೊರಲು ಒಬ್ಬರು ಬೇಕಲ್ಲ. ನಾನು ಹೇಳಿದೆ, "ಇಡೀ ಪ್ರೋಗ್ರಾಮು ಕಾಗದದ ಮೇಲೆ ಕೆಲವೇ ಹಾಳೆ ಆಗುತ್ತೆ, ಪ್ರಿಂಟ್ ತೆಗೆದುಕೊಡುತ್ತೇನೆ. ಓದಬಲ್ಲವರು ಯಾರಾದರೂ ಸಿಕ್ಕೇ ಸಿಗುತ್ತಾರೆ." ಕೋಡಿನ ಪ್ರಿಂಟ್ ತೆಗೆಯುವುದು ನನ್ನ ಮಗಳ ಲೋಕದಲ್ಲಿ ಊಹಿಸಲಾಗದ ಕೆಲಸ. ನಮ್ಮ ಸಂಘದಲ್ಲಿ ಅದಕ್ಕಿಂತ ಸಹಜವಾದದ್ದು ಇನ್ನೊಂದಿಲ್ಲ. ಸಭೆ ಒಪ್ಪಿತು, ನಡಾವಳಿಯಲ್ಲಿ ಬರೆಯಲಾಯಿತು: ಸದರಿ ಪ್ರೋಗ್ರಾಮಿನ ಒಂದು ಪ್ರತಿಯನ್ನು ಬೀರುವಿನಲ್ಲಿ ಇಡತಕ್ಕದ್ದು, ಪ್ರತಿ ಹಾಳೆಗೂ ಕಾರ್ಯದರ್ಶಿಗಳ ಸಹಿ ಮತ್ತು ಮೊಹರು ಇರತಕ್ಕದ್ದು.

ಮೊಹರಿಗೆ ಕಳಿಸುವ ಮೊದಲು ಖಜಾಂಚಿಯವರು ಹಾಳೆಗಳನ್ನು ಮನೆಗೆ ಒಯ್ದು ಓದಿದರು. ಮೇಲಿನ ಅರ್ಧ ಬಿಟ್ಟರು. 'ಡೇಟಾ' ಎಂಬ ಗೆರೆಯ ಕೆಳಗೆ ಕನ್ನಡ ಕಂಡಿತಲ್ಲ, ಅಲ್ಲಿಂದ ಕೆಂಪು ಪೆನ್ನು ತೆಗೆದರು. 'ಬಂದ ಹೊತ್ತು' ಎಂಬುದನ್ನು ಹೊಡೆದು 'ಆಗಮನದ ಸಮಯ' ಎಂದು ಬರೆದರು. 'ಸಂಪು' ಎಂಬಲ್ಲಿ 'ನೆಲಮಟ್ಟದ ಜಲಸಂಗ್ರಹಾಗಾರ'. ಲೀಟರಿನ ಮುಂದೆ, ದರವನ್ನೂ ಕಾಣಿಸುವುದು, ಎಂದೊಂದು ಟಿಪ್ಪಣಿ. ದರವನ್ನು ಸೇರಿಸಿದೆ, ಅದು ಒಳ್ಳೆಯ ಸಲಹೆ. ಆಗಮನದ ಸಮಯಕ್ಕೂ ಒಪ್ಪಿದೆ. ಜಲಸಂಗ್ರಹಾಗಾರದ ವಿಷಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ. ಅಲ್ಲಿಯವರೆಗೆ ರಾತ್ರಿ ಪಾಳಿಯವನು ಸಂಪಿಗೇ ನೀರು ಬಿಡಿಸುತ್ತಿದ್ದಾನೆ.